ಕೆಂಪು ಬಟನ್ ಮೊದಲು ಬರೆಯಿರಿ

ಹೊಲದಿಂದ ನೇರ ಪ್ರಸಾರ ಮಾಡುವವರಿಗೆ ಒಬ್ಬ ಒಣಬೇಸಾಯಗಾರನ ಅನುಭವ ಪಾಠ

ನಾನು ರಾಯಚೂರು ಜಿಲ್ಲೆಯ ಅರಕೇರಾದವ. 7 ಎಕರೆ ಒಣಬೇಸಾಯ. ಎರಿ ಭೂಮಿ ನಾಲ್ಕು, ಮಸಾರಿ ಮೂರು. ಮುಂಗಾರಿಗೆ ತೊಗರಿ, ಸಜ್ಜೆ, ಸ್ವಲ್ಪ ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆ ಎಷ್ಟೋ ಹೊಲಗಳಿಗೆ ನೀರು ತಂದಿದೆ, ನನ್ನ ಹೊಲಕ್ಕೆ ತಂದಿಲ್ಲ. ಓದಿದ್ದು ಏಳನೇ ತರಗತಿ. ಇಂಥವನು ಕಂಪ್ಯೂಟರ್ ಬಗ್ಗೆ ಬರೆಯುವುದೇ ಎಂದು ನಗಬೇಡಿ. ಕಲಿತವರು ಬರೆದದ್ದು ನನಗೆ ತಿಳಿಯಲಿಲ್ಲ. ನಾನು ಎಡವಿ ಕಲಿತದ್ದು ನಿಮಗೆ ತಿಳಿಯಬಹುದು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಸೋಮವಾರದ ಕೂಟ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಈಗ ಎತ್ತು ಕಡಿಮೆಯಾಗಿ ಟ್ರ್ಯಾಕ್ಟರ್ ಹೆಚ್ಚಾಗಿವೆ, ಆದರೂ ಸೋಮವಾರದ ಬಿಡುವು ಉಳಿದಿದೆ. ತಿಂಗಳಿಗೊಂದು ಸೋಮವಾರ ಹತ್ತು ಹನ್ನೆರಡು ಮಂದಿ ಯಾರದಾದರೂ ಹೊಲದಲ್ಲಿ ಸೇರುತ್ತೇವೆ. ಬೀಜ, ಹುಳ, ಮಳೆ, ಧಾರಣಿ, ಇದೇ ಮಾತು. ಭಾಷಣ ಇಲ್ಲ, ಹಾರ ಇಲ್ಲ.

ನಮ್ಮೂರ ಕಡೆಯ ಹರೆಯದ ಹುಡುಗರು ಬಹಳ ಮಂದಿ ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದಾರೆ. ಹೊಲ ಅವರದು, ಹೊಲದಲ್ಲಿ ಇರುವವರು ವಯಸ್ಸಾದ ಅಪ್ಪ-ಅವ್ವ. ಔಷಧ ಹೊಡೆಯಬೇಕೋ ಬೇಡವೋ ಎಂದು ಹುಡುಗರು ಅಲ್ಲಿಂದ ಫೋನ್ ಮಾಡಿ ಕೇಳುತ್ತಾರೆ. ಇಲ್ಲಿಂದ ಅಪ್ಪ ಬಾಯಲ್ಲಿ ಹೇಳಿದರೆ ಅವರಿಗೆ ಹುಳ ಕಾಣುವುದಿಲ್ಲ. ಕೂಟವನ್ನು ಅವರೂ ನೋಡಲಿ, ಅಲ್ಲಿಂದಲೇ ಪ್ರಶ್ನೆ ಕೇಳಲಿ ಎಂದು ಎರಡು ವರ್ಷದ ಹಿಂದೆ ಯೂಟ್ಯೂಬಿನಲ್ಲಿ ಲೈವ್ ಶುರು ಮಾಡಿದೆವು. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟು, ಅದರಲ್ಲಿ ಓಬಿಎಸ್ ಎಂಬ ತಂತ್ರಾಂಶ ಹಾಕಿಕೊಟ್ಟ.

ಓಬಿಎಸ್ ಪುಕ್ಕಟೆ ಸಿಗುವ ತಂತ್ರಾಂಶ. 2012ರಲ್ಲಿ ಜಿಮ್ ಬೇಲಿ ಎಂಬುವರು ಶುರು ಮಾಡಿದ್ದು. ಈಗ ಲೋಕದ ಹಲವರು ಸೇರಿ ಬೆಳೆಸುತ್ತಿದ್ದಾರೆ. ಇದರ ಒಳಗುಟ್ಟು ಎಲ್ಲರಿಗೂ ತೆರೆದಿದೆ. ನಾವು ಬೀಜ ಕೊಟ್ಟು ತೆಗೆದುಕೊಂಡ ಹಾಗೆ, ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಹಂಚಬಹುದು. ಕ್ಯಾಮೆರಾ, ಫೋಟೋ, ಮೈಕು ಎಲ್ಲವನ್ನೂ ಒಂದೆಡೆ ಕೂಡಿಸಿ ಯೂಟ್ಯೂಬಿಗೆ ಕಳಿಸುವುದು ಇದರ ಕೆಲಸ.

ಇದರಲ್ಲಿ 'ಸೀನ್' ಎಂಬುದೊಂದಿದೆ. ಕಂಪನಿ ನಾಟಕ ನೋಡಿದವರಿಗೆ ಹೇಳಬೇಕಾಗಿಲ್ಲ. ಅರಮನೆ ಸೀನು, ಕಾಡಿನ ಸೀನು ಎಂದು ಪರದೆ ಬದಲಾಗುತ್ತದಲ್ಲ, ಅದೇ. ನಾನು ಮೂರು ಸೀನು ಮಾಡಿಕೊಂಡೆ. 'ಕೂಟ' ಅಂದ್ರೆ ಎಲ್ಲರೂ ಕುಳಿತದ್ದು ಕಾಣುವುದು. 'ಹತ್ತಿರ' ಅಂದ್ರೆ ಹುಳ, ಎಲೆ, ಕಾಯಿ ದೊಡ್ಡದಾಗಿ ಕಾಣುವುದು. 'ತಡೆ' ಅಂದ್ರೆ ಐದು ನಿಮಿಷ ಬಿಡುವು ಎಂದು ಬರೆದ ಒಂದು ಫೋಟೋ.

ಆದ ತಪ್ಪು

ಮೂರನೆಯ ಲೈವ್. ತೊಗರಿ ಕಾಯಿ ಕಟ್ಟುತ್ತಿದ್ದ ಹೊತ್ತು. ಗಿಡದ ಬುಡಕ್ಕೆ ಹಾಳೆ ಹಾಸಿ, ಗಿಡ ಹಿಡಿದು ಅಲುಗಾಡಿಸಿದರೆ ಕಾಯಿಕೊರಕದ ಹುಳ ಉದುರುತ್ತವೆ. ಹಿರಿಯರು ಮಾಡುತ್ತಿದ್ದ ಕೆಲಸ. ಅದನ್ನು ತೋರಿಸಿ ಮುಗಿಸಿ, ಚಹಾ ಬಂತೆಂದು ನಾನು 'ತಡೆ' ಸೀನು ಹಾಕಿದೆ. ಪರದೆ ಮೇಲೆ ಬಿಡುವಿನ ಫೋಟೋ ಬಂತು. ಲೈವ್ ನಿಂತಿತು ಎಂದೇ ಎಲ್ಲರೂ ತಿಳಿದೆವು.

ನಮ್ಮ ಬದುವಿಗೆ ಹತ್ತಿದ ಹೊಲದವರೊಬ್ಬರಿದ್ದಾರೆ. ನನಗಿಂತ ಆರೇಳು ವರ್ಷ ದೊಡ್ಡವರು, ನಾನು ಅಣ್ಣ ಅನ್ನುತ್ತೇನೆ. ಚಹಾ ಕುಡಿಯುತ್ತ ಅವರು ಮನಸ್ಸು ಬಿಚ್ಚಿದರು. ಯಾರ ಹತ್ತಿರ ಎಷ್ಟು ಸಾಲ, ಎರಡು ವರ್ಷದ ಬಡ್ಡಿ ಎಷ್ಟು ಏರಿತು, ಮಗಳ ಮದುವೆ ಈ ವರ್ಷ ಆಗುತ್ತದೋ ಇಲ್ಲವೋ, ಎಲ್ಲ ಹೇಳಿದರು. ಅಷ್ಟರಲ್ಲಿ ನನ್ನ ಫೋನು ಬಡಿಯಿತು. ತಮ್ಮನ ಮಗ.

"ದೊಡ್ಡಪ್ಪಾ, ಮೈಕ್ ಚಾಲೂ ಐತಿ! ಎಲ್ಲಾ ಕೇಳಾಕತ್ತೈತಿ, ಮೊದಲು ಬಂದ್ ಮಾಡು!"

ಬಂದ್ ಮಾಡುವುದು ಎಲ್ಲಿ ಎಂದು ಹುಡುಕುವಷ್ಟರಲ್ಲಿ ಇನ್ನೂ ಒಂದು ನಿಮಿಷ ಹೋಯಿತು. ನೋಡುತ್ತಿದ್ದವರು 41 ಮಂದಿ. ಹೆಚ್ಚಿನವರು ನಮ್ಮ ಸುತ್ತಲ ಹಳ್ಳಿಯವರೇ. ಅವರಲ್ಲಿ ಬೀಗರಾಗಬೇಕಿದ್ದವರ ಮನೆಯ ಹುಡುಗನೂ ಇದ್ದ.

ಲೈವ್ ಮುಗಿದ ಮೇಲೆ ಅದರ ವಿಡಿಯೋ ತಾನಾಗಿಯೇ ಚಾನೆಲ್‌ನಲ್ಲಿ ಉಳಿಯುತ್ತದೆ. ಅವತ್ತೇ ಅದನ್ನು ಅಳಿಸಿದೆ. ಆದರೆ ಕಿವಿಗೆ ಬಿದ್ದದ್ದನ್ನು ಅಳಿಸಲು ಬರುತ್ತದೆಯೇ? ಮರುದಿನ ಅಣ್ಣನ ಮನೆಗೆ ಹೋದೆ. ಕೂಡು ಅನ್ನಲಿಲ್ಲ. "ತಮ್ಮಾ, ನಿನ್ನ ಹೊಲದಾಗ ಕುಂತು ಆಡೋ ಮಾತು ಅಂತ ನಾ ಆಡಿದೆ. ನೀ ಅದನ್ನ ಸಂತ್ಯಾಗ ಇಟ್ಟೆ" ಅಂದರು. ಬೀಗರ ಕಡೆಯವರು ಮಾತು ಮುಂದೂಡಿದರು. ನಾಲ್ಕು ತಿಂಗಳು ಅಣ್ಣ ನನ್ನ ಬದು ತುಳಿಯಲಿಲ್ಲ. ಇದನ್ನು ಬರೆದು, ಅವರಿಗೆ ಓದಿ ಹೇಳಿ, ಅವರು ಹ್ಞೂಂ ಅಂದ ಮೇಲೆಯೇ ಪತ್ರಿಕೆಗೆ ಕಳಿಸಿದ್ದೇನೆ.

ತಪ್ಪು ಎಲ್ಲಿ ಆಯಿತು? ಓಬಿಎಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಆಡಿಯೋ ಎಂಬಲ್ಲಿ ಕೊಟ್ಟ ಮೈಕು ಯಾವುದೋ ಒಂದು ಸೀನಿಗೆ ಸೇರಿದ್ದಲ್ಲ. ಅದು ಎಲ್ಲ ಸೀನಿಗೂ ಸೇರಿದ್ದು. ಸೀನು ಬದಲಾದರೂ ಮೈಕು ಹಾಗೇ ಇರುತ್ತದೆ. ನಾಟಕದಲ್ಲಿ ಪರದೆ ಬಿದ್ದರೂ ಪರದೆ ಹಿಂದಿನ ಮೈಕು ಬಂದ್ ಮಾಡದಿದ್ದರೆ ಪಾತ್ರಧಾರಿಗಳ ಜಗಳ ಊರಿಗೆಲ್ಲ ಕೇಳುತ್ತದೆ, ಹಾಗೆ. ನಾನು ಕಣ್ಣು ಮುಚ್ಚಿಸಿದ್ದೆ, ಬಾಯಿ ಮುಚ್ಚಿಸಿರಲಿಲ್ಲ.

ಬರೆಯದೆಯೇ ಆಗುವಷ್ಟು

ಮೊದಲು ಸುಲಭದ್ದು ಹೇಳುತ್ತೇನೆ. ಓಬಿಎಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಹಾಟ್‌ಕೀಸ್ ಎಂಬ ಪುಟವಿದೆ. ಅಲ್ಲಿ ಒಂದೊಂದು ಸೀನಿಗೂ ಒಂದೊಂದು ಕೀಲಿ ಕೊಡಬಹುದು. ಮೈಕಿಗೆ ಮ್ಯೂಟ್, ಅನ್‌ಮ್ಯೂಟ್ ಎಂದು ಎರಡು ಖಾನೆ ಇವೆ. ಅಲ್ಲೂ ಕೀಲಿ ಕೊಡಬಹುದು. ಒಂದೇ ಕೀಲಿಯನ್ನು ಎರಡು ಕಡೆ ಕೊಟ್ಟರೆ ಎರಡೂ ಕೆಲಸ ಆಗುತ್ತವೆ. ಬರೆಯಲು ಮನಸ್ಸಿಲ್ಲದವರು ಇಷ್ಟು ಮಾಡಿಕೊಂಡರೂ ನನ್ನ ಹಾಗೆ ಬೀಳುವುದಿಲ್ಲ.

ಆದರೆ ಇದರಲ್ಲಿ ಎರಡು ಕೊರತೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ನಾವು ಹೇಳಲಾಗದು. ಹೇಳಿದ ಕೆಲಸ ಆಯಿತೋ ಇಲ್ಲವೋ ಎಂದು ನಮ್ಮ ಮಾತಿನಲ್ಲಿ ವರದಿ ಬರುವುದಿಲ್ಲ. ನಮ್ಮಲ್ಲಿ ಬಾಯಿ ಎರಡು: ಒಂದು ಅಂಗಿಗೆ ಸಿಕ್ಕಿಸುವ ಮೈಕು, ಇನ್ನೊಂದು 'ಹತ್ತಿರ' ಸೀನಿಗೆ ಕ್ಯಾಮೆರಾ ಮಾಡಿಕೊಂಡ ಫೋನಿನದು. ಎರಡೂ ಮುಚ್ಚಬೇಕು, ಆಮೇಲೆ ಸೀನು ಬದಲಾಗಬೇಕು, ಆಮೇಲೆ 'ಮುಚ್ಚಿದೆ' ಎಂದು ನನಗೆ ತಿಳಿಯಬೇಕು. ಇದಕ್ಕೆ ಬರೆದೇ ಕೊಡಬೇಕು.

ಕೆಲಸದ ಚೀಟಿ

ಕಂಪ್ಯೂಟರಿಗೆ ಹೀಗೆ ಬರೆದು ಕೊಡುವುದಕ್ಕೆ ಸ್ಕ್ರಿಪ್ಟ್ ಅನ್ನುತ್ತಾರೆ. ನಾನು ಚೀಟಿ ಅನ್ನುತ್ತೇನೆ. ನಾವು ಊರಿಗೆ ಹೋಗುವಾಗ ಆಳಿಗೆ ಹೇಳಿ ಹೋಗುತ್ತೇವಲ್ಲ, ಮೊದಲು ದನಕ್ಕೆ ನೀರು, ಆಮೇಲೆ ಮೇವು, ಆಮೇಲೆ ಕೊಟ್ಟಿಗೆ ಬಾಗಿಲು ಎಂದು, ಅಂಥದೇ. ಆದರೆ ಆಳಿಗೆ ಬುದ್ಧಿ ಇದೆ, ನಾವು ಮರೆತದ್ದನ್ನೂ ಮಾಡುತ್ತಾನೆ. ಕಂಪ್ಯೂಟರ್ ಬರೆದಷ್ಟೇ ಮಾಡುತ್ತದೆ. ತಪ್ಪು ಬರೆದರೆ ತಪ್ಪನ್ನೇ ಮಾಡುತ್ತದೆ.

ಓಬಿಎಸ್‌ಗೆ ಎರಡು ಭಾಷೆಯಲ್ಲಿ ಚೀಟಿ ಬರೆಯಬಹುದು, ಪೈಥಾನ್ ಮತ್ತು ಲುವಾ. ಪೈಥಾನ್ ಬೇರೆಯಾಗಿ ಹಾಕಿಕೊಳ್ಳಬೇಕು. ಲುವಾ ಓಬಿಎಸ್ ಒಳಗೇ ಇದೆ. ಬ್ರೆಜಿಲ್ ದೇಶದ ರಿಯೊ ನಗರದ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಭಾಷೆ ಅದು. ಅಲ್ಲಿನವರಾಡುವ ಪೋರ್ಚುಗೀಸಿನಲ್ಲಿ ಲುವಾ ಅಂದರೆ ಚಂದ್ರ. ನಾನು ಲುವಾ ಹಿಡಿದೆ.

ಇಂಗ್ಲಿಷ್ ಬರದವನು ಹೇಗೆ ಬರೆದೆ ಎಂದು ಕೇಳುತ್ತೀರಿ. ಮೊದಲು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಸಾಲಾಗಿ ಬರೆದುಕೊಂಡೆ. ಒಂದೊಂದು ಸಾಲಿನ ಎದುರಿಗೆ ತಮ್ಮನ ಮಗ ಫೋನಿನಲ್ಲಿ ಹೇಳಿದ ಇಂಗ್ಲಿಷ್ ಆಜ್ಞೆಯನ್ನು ಅಕ್ಷರ ಅಕ್ಷರ ಬರೆದುಕೊಂಡೆ. ಬೇಕಾಗುವ ಆಜ್ಞೆಗಳು ಹತ್ತರೊಳಗೇ. ಬೀಜದಂಗಡಿಯ ಔಷಧಗಳ ಹೆಸರು ಕಲಿತಿದ್ದೇವೆ, ಇವೇನು ಹೆಚ್ಚಲ್ಲ. ಸೀನಿನ ಹೆಸರು, ಮೈಕಿನ ಹೆಸರು ಕನ್ನಡದಲ್ಲೇ ಇಡಬಹುದು. ಆಗ ಚೀಟಿಯನ್ನು ಉಳಿಸುವಾಗ ಯುಟಿಎಫ್-8 ಎಂಬುದನ್ನು ಆರಿಸಬೇಕು. ಫೈಲಿನ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಲುವಾ ಎಂದಿರಬೇಕು. ನೋಟ್‌ಪ್ಯಾಡಿನಲ್ಲಿ 'ಆಲ್ ಫೈಲ್ಸ್' ಎಂದು ಆರಿಸದಿದ್ದರೆ ಅದು ಹಿಂದೆ ಟಿಎಕ್ಸ್‌ಟಿ ಎಂಬ ಬಾಲ ಹಚ್ಚುತ್ತದೆ, ಓಬಿಎಸ್‌ಗೆ ಚೀಟಿ ಕಾಣುವುದೇ ಇಲ್ಲ.

ಕೆಂಪು ಬಟನ್ನಿನ ಚೀಟಿ ಕನ್ನಡದಲ್ಲಿ ಹೀಗಿದೆ:

1. ಓಬಿಎಸ್‌ಗೆ ಬಟನ್ನಿನ ಪರಿಚಯ ಮಾಡು. (ಆಜ್ಞೆ: ಓಬಿಎಸ್ ಹಾಟ್‌ಕೀ ರಿಜಿಸ್ಟರ್ ಫ್ರಂಟೆಂಡ್. ಇದಕ್ಕೆ ಮೂರು ಸಂಗತಿ ಕೊಡಬೇಕು: ಒಳಗಿನ ಹೆಸರು, ನಮಗೆ ಕಾಣುವ ಹೆಸರು, ಒತ್ತಿದಾಗ ಮಾಡುವ ಕೆಲಸದ ಹೆಸರು.)

2. ಬಟನ್ ಒತ್ತಿದ್ದೋ ಬಿಟ್ಟದ್ದೋ ನೋಡು. ಬಿಟ್ಟದ್ದಾದರೆ ಏನೂ ಮಾಡಬೇಡ, ಹಿಂದಿರುಗು.

3. 'ಮೈಕ್' ಎಂಬ ಹೆಸರಿನದನ್ನು ಹುಡುಕು. (ಓಬಿಎಸ್ ಗೆಟ್ ಸೋರ್ಸ್ ಬೈ ನೇಮ್.) ಸಿಕ್ಕರೆ ಬಂದ್ ಮಾಡು. (ಓಬಿಎಸ್ ಸೋರ್ಸ್ ಸೆಟ್ ಮ್ಯೂಟೆಡ್.) ಕೆಲಸ ಆದ ಮೇಲೆ ವಾಪಸ್ ಕೊಡು. (ಓಬಿಎಸ್ ಸೋರ್ಸ್ ರಿಲೀಸ್.) ಸಿಗದಿದ್ದರೆ 'ಮೈಕ್ ಸಿಗಲಿಲ್ಲ' ಎಂದು ವರದಿಯಲ್ಲಿ ಬರೆ.

4. 'ಫೋನ್' ಎಂಬುದಕ್ಕೂ ಹಾಗೇ ಮಾಡು.

5. 'ತಡೆ' ಎಂಬ ಸೀನು ಹುಡುಕು, ಪರದೆಗೆ ತಾ. (ಓಬಿಎಸ್ ಫ್ರಂಟೆಂಡ್ ಸೆಟ್ ಕರೆಂಟ್ ಸೀನ್.) ವಾಪಸ್ ಕೊಡು.

6. 'ಬಾಯಿ ಮುಚ್ಚಿದೆ' ಎಂದು ವರದಿಯಲ್ಲಿ ಬರೆ. (ಸ್ಕ್ರಿಪ್ಟ್ ಲಾಗ್.)

7. ಓಬಿಎಸ್ ಮುಚ್ಚುವಾಗ ಈ ಬಟನ್ನಿಗೆ ಯಾವ ಕೀಲಿ ಎಂದು ನೆನಪಿಟ್ಟುಕೋ. ತೆರೆಯುವಾಗ ನೆನಪು ತೆಗೆ. (ಓಬಿಎಸ್ ಹಾಟ್‌ಕೀ ಸೇವ್, ಓಬಿಎಸ್ ಹಾಟ್‌ಕೀ ಲೋಡ್.)

ಇಂಗ್ಲಿಷಿನಲ್ಲಿ ಬರೆಯುವಾಗ ಆಜ್ಞೆಯ ಶಬ್ದಗಳ ನಡುವೆ ಜಾಗ ಬಿಡಬಾರದು, ಕೆಳಗೆರೆ ಹಾಕಿ ಕೂಡಿಸಬೇಕು, ಎಲ್ಲ ಸಣ್ಣ ಅಕ್ಷರ. ಬರೆದ ಚೀಟಿಯನ್ನು ಓಬಿಎಸ್‌ನ ಟೂಲ್ಸ್ ಒಳಗೆ ಸ್ಕ್ರಿಪ್ಟ್ಸ್ ಎಂಬಲ್ಲಿ ಕೂಡಿಸುವ ಗುರುತು ಒತ್ತಿ ಸೇರಿಸಬೇಕು. ಆಮೇಲೆ ಹಾಟ್‌ಕೀಸ್ ಪುಟಕ್ಕೆ ಹೋದರೆ ನಾವಿಟ್ಟ ಹೆಸರು ಅಲ್ಲಿ ಕಾಣುತ್ತದೆ, ಅದಕ್ಕೆ ಕೀಲಿ ಕೊಡಬೇಕು. ಚೀಟಿ ತಿದ್ದಿದಾಗಲೆಲ್ಲ ಸ್ಕ್ರಿಪ್ಟ್ಸ್‌ನಲ್ಲಿ ಮರುಓದುವ ಗುರುತು ಒತ್ತಬೇಕು. ಇಲ್ಲದಿದ್ದರೆ ಹಳೆಯ ಚೀಟಿಯೇ ನಡೆಯುತ್ತಿರುತ್ತದೆ.

ಕೆಂಪು ಬೇರೆ, ಹಸಿರು ಬೇರೆ

ಮೊದಲ ಸಲ ನಾನು ಜಾಣತನ ಮಾಡಿದ್ದೆ. ಒಂದೇ ಬಟನ್ ಸಾಕು, ಮೈಕು ತೆರೆದಿದ್ದರೆ ಮುಚ್ಚಲಿ, ಮುಚ್ಚಿದ್ದರೆ ತೆರೆಯಲಿ ಎಂದು ಬರೆದೆ. ಒತ್ತಿ ನೋಡಿದೆ, ಮೈಕು ತೆರೆದೇ ಇತ್ತು. ಹತ್ತು ಸಲ ಒತ್ತಿದರೂ ಅಷ್ಟೇ. ಎರಡು ದಿನ ತಲೆ ಕೆಡಿಸಿಕೊಂಡೆ.

ಕಾರಣ ಇದು. ಓಬಿಎಸ್ ನಮ್ಮ ಚೀಟಿಯನ್ನು ಎರಡು ಸಲ ಕರೆಯುತ್ತದೆ. ಕೀಲಿ ಒತ್ತಿದಾಗ ಒಂದು ಸಲ, ಬೆರಳು ತೆಗೆದಾಗ ಇನ್ನೊಂದು ಸಲ. ಒತ್ತಿದಾಗ ಮೈಕು ಮುಚ್ಚುತ್ತಿತ್ತು, ಬೆರಳು ತೆಗೆದಾಗ ಮತ್ತೆ ತೆರೆಯುತ್ತಿತ್ತು. ಅದಕ್ಕೇ ಚೀಟಿಯ ಎರಡನೆಯ ಸಾಲು ಬಂತು: ಬಿಟ್ಟದ್ದಾದರೆ ಏನೂ ಮಾಡಬೇಡ.

ಆ ಸಾಲು ಹಾಕಿದ ಮೇಲೆ ಬಟನ್ ನಡೆಯಿತು. ಆದರೂ ನಾನು ಅದನ್ನು ಇಟ್ಟುಕೊಳ್ಳಲಿಲ್ಲ. ಬೋರ್‌ವೆಲ್ ಇದ್ದವರ ಸ್ಟಾರ್ಟರ್ ನೋಡಿ. ಹಸಿರು ಬಟನ್ ಬೇರೆ, ಕೆಂಪು ಬಟನ್ ಬೇರೆ. ಯಾಕೆ? ಕತ್ತಲಲ್ಲಿ, ಗಾಬರಿಯಲ್ಲಿ, ಮೋಟಾರ್ ಚಾಲೂ ಇದೆಯೋ ಇಲ್ಲವೋ ತಿಳಿಯದಿದ್ದಾಗಲೂ ಕೆಂಪು ಒತ್ತಿದರೆ ನಿಂತೇ ನಿಲ್ಲಬೇಕು. ಎರಡು ಸಲ ಒತ್ತಿದರೂ ನಿಂತೇ ಇರಬೇಕು. ಒಂದೇ ಬಟನ್ನಿಗೆ ಎರಡು ಕೆಲಸ ಕೊಟ್ಟರೆ, ಗಾಬರಿಯಲ್ಲಿ ಎರಡು ಸಲ ಒತ್ತಿದವನು ಮುಚ್ಚಿದ ಬಾಯನ್ನು ತಾನೇ ತೆರೆಯುತ್ತಾನೆ. ಗಾಬರಿಯಾದವನು ಒಂದೇ ಸಲ ಒತ್ತುವುದಿಲ್ಲ.

ಆದ್ದರಿಂದ ಎರಡು ಚೀಟಿ ಮಾಡಿದೆ. ಕೆಂಪಿನದು ಬರೀ ಮುಚ್ಚುವುದು, ಹಸಿರಿನದು ಬರೀ ತೆರೆಯುವುದು. ಅನುಕ್ರಮವೂ ಬೇರೆ. ಕೆಂಪಿನಲ್ಲಿ ಮೊದಲು ಮೈಕು, ಆಮೇಲೆ ಸೀನು. ಹಸಿರಿನಲ್ಲಿ ಮೊದಲು 'ಕೂಟ' ಸೀನು, ಕೊನೆಗೆ ಮೈಕು. ಸಾಲಿಗೆ ನೀರು ಬಿಡುವಾಗ ಮೊದಲು ಸಾಲಿನ ಬಾಯಿ ತೆಗೆದು ಆಮೇಲೆ ಮೋಟಾರ್ ಹಾಕುತ್ತಾರೆ. ನಿಲ್ಲಿಸುವಾಗ ಮೊದಲು ಮೋಟಾರ್. ಅದೇ ಲೆಕ್ಕ. ತೆರೆಯುವಾಗ ಎಲ್ಲರಿಗೂ ಪರದೆ ಕಂಡ ಮೇಲೆಯೇ ಧ್ವನಿ ಹೋಗಬೇಕು.

ನಾನು ಬಿದ್ದ ಇನ್ನಷ್ಟು ಕುಣಿಗಳು

ಹೆಸರು: ಓಬಿಎಸ್‌ನಲ್ಲಿ 'ಮೈಕ್ 1' ಎಂದು ಇಟ್ಟಿದ್ದೆ, ಚೀಟಿಯಲ್ಲಿ ನಡುವೆ ಜಾಗ ಬಿಡದೆ ಬರೆದಿದ್ದೆ. ನಮಗೆ ಎರಡೂ ಒಂದೇ. ಕಂಪ್ಯೂಟರಿಗೆ ಅವು ಬೇರೆ ಬೇರೆ. ಮೈಕು ಸಿಗಲಿಲ್ಲ, ಸೀನು ಮಾತ್ರ ಬದಲಾಯಿತು. ಅಂದ್ರೆ ಹಳೆಯ ತಪ್ಪೇ ಹೊಸ ಬಟನ್ನಿನಿಂದ ಆಯಿತು. 'ಸಿಗದಿದ್ದರೆ ವರದಿ ಬರೆ' ಎಂಬ ಸಾಲು ಹಾಕಿದ್ದು ಆಮೇಲೆ. ಹೆಸರು ಚಿಕ್ಕದಿಡಿ, ಒಮ್ಮೆ ಇಟ್ಟ ಮೇಲೆ ಬದಲಿಸಬೇಡಿ.

ವಾಪಸ್ ಕೊಡುವುದು: ಹೆಸರು ಹೇಳಿ ಓಬಿಎಸ್‌ನಿಂದ ಮೈಕು ಪಡೆದರೆ ಅದು ಕಡ ತಂದ ಕೂರಿಗೆ ಇದ್ದಂತೆ. ಕೆಲಸ ಮುಗಿದ ಮೇಲೆ ವಾಪಸ್ ಕೊಡಲೇಬೇಕು. ಕೊಡದಿದ್ದರೆ ಓಬಿಎಸ್ ಅದನ್ನು ಇನ್ನೂ ಬಳಕೆಯಲ್ಲಿದೆ ಎಂದೇ ಹಿಡಿದುಕೊಂಡಿರುತ್ತದೆ. ಒತ್ತಿದಂತೆಲ್ಲ ಲೆಕ್ಕ ಬೆಳೆಯುತ್ತದೆ, ಮುಚ್ಚುವಾಗ ತಂಟೆ ಬರುತ್ತದೆ.

ನೆನಪು: ಚೀಟಿಯ ಏಳನೆಯ ಸಾಲು ನಾನು ಮೊದಲು ಬರೆದಿರಲಿಲ್ಲ. ಅವತ್ತೆಲ್ಲ ಬಟನ್ ಚೆನ್ನಾಗಿ ನಡೆಯಿತು. ಮುಂದಿನ ತಿಂಗಳು ಲ್ಯಾಪ್‌ಟಾಪ್ ತೆರೆದರೆ ಬಟನ್ ಸತ್ತಿತ್ತು. ಚೀಟಿ ಇತ್ತು, ಆದರೆ ಅದಕ್ಕೆ ಯಾವ ಕೀಲಿ ಎಂಬುದನ್ನು ಓಬಿಎಸ್ ಮರೆತಿತ್ತು. ನೆನಪಿಟ್ಟುಕೋ ಎಂದೂ ನಾವೇ ಬರೆದುಕೊಡಬೇಕು.

ಕೀಲಿ: ನಾನು ಬೇರೆಯಾಗಿ ಸಿಗುವ ನಂಬರ್ ಪ್ಯಾಡ್ ತಂದೆ. ಅಂಕಿಗಳಷ್ಟೇ ಇರುವ ಸಣ್ಣ ಕೀಲಿಮಣೆ. ಮೊಮ್ಮಗಳ ಉಗುರು ಬಣ್ಣದಿಂದ ಒಂದು ಕೀಲಿಗೆ ಕೆಂಪು, ಒಂದಕ್ಕೆ ಹಸಿರು ಬಳಿದೆ. ಇದರಲ್ಲಿ ನಮ್‌ಲಾಕ್ ಎಂಬ ಕೀಲಿ ಇದೆ. ಅದು ಆರಿದ್ದರೆ ಅಂಕಿ ಕೀಲಿಗಳು ಬೇರೆ ಕೆಲಸ ಮಾಡುತ್ತವೆ, ನಮ್ಮ ಬಟನ್ ನಡೆಯುವುದಿಲ್ಲ. ಲೈವ್ ಮುಂಚೆ ಅದರ ದೀಪ ನೋಡಿ. ಇನ್ನೊಂದು ಮಾತು. ಓಬಿಎಸ್ ಹಿಂದೆ ಸರಿದಿದ್ದರೂ ಅದರ ಬಟನ್‌ಗಳು ಎಚ್ಚರವಾಗೇ ಇರುತ್ತವೆ. ಲೈವ್ ನಡೆಯುವಾಗ ಬೇರೆ ಕಿಟಕಿಯಲ್ಲಿ ಯಾರದೋ ಫೋನ್ ನಂಬರ್ ಬರೆಯಲು ಅದೇ ಕೀಲಿ ಒತ್ತಿದರೆ ಮೈಕು ಮುಚ್ಚಿ ತೆರೆದು ಆಗುತ್ತದೆ.

ಇಪ್ಪತ್ತು ಸೆಕೆಂಡಿನ ಬದು

ಕೆಂಪು ಬಟನ್ ಒತ್ತಿದ ಮೇಲಿನ ಮಾತು ಹೊರಗೆ ಹೋಗುವುದಿಲ್ಲ. ಒತ್ತುವ ಮುಂಚೆ ಬಾಯಿಂದ ಬಿದ್ದ ಮಾತು? ಅದಕ್ಕೂ ದಾರಿ ಇದೆ, ಇದನ್ನು ಬರೆಯಬೇಕಾಗಿಲ್ಲ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಸ್ಟ್ರೀಮ್ ಡಿಲೇ ಎಂಬುದಿದೆ. ಅಲ್ಲಿ ನಾನು 20 ಸೆಕೆಂಡ್ ಇಟ್ಟಿದ್ದೇನೆ. ನಾವು ಆಡಿದ್ದು 20 ಸೆಕೆಂಡ್ ನಮ್ಮ ಲ್ಯಾಪ್‌ಟಾಪಿನಲ್ಲೇ ಕಾದು ಆಮೇಲೆ ಹೊರಡುತ್ತದೆ. ಮಳೆ ನೀರು ಹಳ್ಳಕ್ಕೆ ಓಡುವ ಮೊದಲು ಬದುವಿನಲ್ಲಿ ತಡೆದು ನಿಂತಂತೆ.

ಹಾಟ್‌ಕೀಸ್ ಪುಟದಲ್ಲಿ 'ಸ್ಟಾಪ್ ಸ್ಟ್ರೀಮಿಂಗ್, ಡಿಸ್ಕಾರ್ಡ್ ಡಿಲೇ' ಎಂಬ ಖಾನೆ ಇದೆ. ಅದಕ್ಕೆ ಕೊಟ್ಟ ಕೀಲಿ ಒತ್ತಿದರೆ ಲೈವ್ ನಿಲ್ಲುವುದರ ಜೊತೆಗೆ ಆ ಕಾದು ನಿಂತ 20 ಸೆಕೆಂಡನ್ನೂ ಚೆಲ್ಲಿಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಬರೀ ಸ್ಟಾಪ್ ಒತ್ತಿದರೆ ಕಾದದ್ದು ಪೂರ್ತಿ ಹೋದ ಮೇಲೆಯೇ ನಿಲ್ಲುತ್ತದೆ. ಈ ಕೀಲಿಗೆ ನಾನು ಕಪ್ಪು ಬಣ್ಣ ಬಳಿದಿದ್ದೇನೆ. ಇದುವರೆಗೆ ಒಂದೇ ಸಲ ಒತ್ತಿದ್ದೇನೆ. ಪ್ರಶ್ನೆ ಕೇಳುವವರಿಗೆ ಉತ್ತರ 20 ಸೆಕೆಂಡ್ ತಡವಾಗಿ ಹೋಗುತ್ತದೆ, ಆದರೆ ಹುಳ ಅಷ್ಟರಲ್ಲಿ ಹಾರಿ ಹೋಗುವುದಿಲ್ಲ.

ಲೈವ್ ಮಾಡದೆ ಪರೀಕ್ಷೆ

ಬಿತ್ತುವ ಮುಂಚೆ ಬೀಜ ಮೊಳಕೆ ನೋಡುತ್ತೇವಲ್ಲ, ಬಟನ್ನನ್ನೂ ಹಾಗೇ ನೋಡಬೇಕು. ಓಬಿಎಸ್‌ನಲ್ಲಿ ಲೈವ್ ಮಾಡದೆ ಬರೀ ರೆಕಾರ್ಡ್ ಮಾಡಲು ಬರುತ್ತದೆ. ಡೇಟಾ ಖರ್ಚಿಲ್ಲ. ಎರಡು ನಿಮಿಷ ರೆಕಾರ್ಡ್ ಮಾಡಿ. ಬಾಯಲ್ಲಿ ಒಂದು, ಎರಡು ಎಂದು ಎಣಿಸುತ್ತ ಇರಿ. ಹತ್ತಕ್ಕೆ ಕೆಂಪು ಒತ್ತಿ, ಎಣಿಸುವುದು ಬಿಡಬೇಡಿ. ಇಪ್ಪತ್ತಕ್ಕೆ ಮತ್ತೊಮ್ಮೆ ಕೆಂಪು. ಮೂವತ್ತಕ್ಕೆ ಹಸಿರು. ಆಮೇಲೆ ಕೇಳಿ. ಹತ್ತರಿಂದ ಮೂವತ್ತರವರೆಗೆ ಒಂದು ಅಂಕಿಯೂ ಕೇಳಬಾರದು. ಕೇಳಿತು ಅಂದ್ರೆ ಇನ್ನೊಂದು ಬಾಯಿ ಎಲ್ಲೋ ತೆರೆದಿದೆ. ಫೋನಿನ ಬಾಯಿ ನನಗೆ ಸಿಕ್ಕಿದ್ದು ಹೀಗೆಯೇ.

ಪ್ರತಿ ಲೈವ್ ಮುಂಚೆ ನಾನು ಈ ಎಣಿಕೆ ಮಾಡುತ್ತೇನೆ. ಮತ್ತು ಲೈವ್ ಶುರು ಮಾಡುವ ಬಟನ್ ಒತ್ತುವ ಮುಂಚೆ ಒಮ್ಮೆ ಕೆಂಪು ಒತ್ತುತ್ತೇನೆ. ಬಾಯಿ ಮುಚ್ಚಿಯೇ ಲೈವ್ ಶುರುವಾಗಬೇಕು. ನಡುವೆ ಲ್ಯಾಪ್‌ಟಾಪ್ ಆರಿ ಮತ್ತೆ ಹತ್ತಿದರೂ ಇದೇ ಕ್ರಮ. ಕರೆಂಟು ಬಂದ ಕೂಡಲೇ ತಾನೇ ಮೋಟಾರ್ ಚಾಲೂ ಮಾಡುವ ಆಟೋ ಸ್ಟಾರ್ಟರಿನಿಂದ ಪೆಟ್ಟು ತಿಂದವರಿಗೆ ಇದರ ಅರ್ಥ ಹೇಳಬೇಕಿಲ್ಲ.

ಖರ್ಚು, ಡೇಟಾ

ಓಬಿಎಸ್, ಲುವಾ ಪುಕ್ಕಟೆ. ನಂಬರ್ ಪ್ಯಾಡ್ 350 ರೂಪಾಯಿ, ಅಂಗಿಗೆ ಸಿಕ್ಕಿಸುವ ಮೈಕು 600, ಉದ್ದದ ವೈರು 150. ಒಟ್ಟು 1,100. ಇದಕ್ಕೆಂದೇ ಮಾಡಿದ ಬಟನ್ ಪೆಟ್ಟಿಗೆಗಳು ಪೇಟೆಯಲ್ಲಿವೆ, ಸಾವಿರಾರು ರೂಪಾಯಿ ಆಗುತ್ತದೆ, ನಮಗೆ ಬೇಡ. ಫೋನನ್ನೇ ಬಟನ್ ಮಾಡಿಕೊಳ್ಳಲೂ ಬರುತ್ತದೆ. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಓಬಿಎಸ್‌ನಲ್ಲೇ ಅದಕ್ಕೆ ವೆಬ್‌ಸಾಕೆಟ್ ಎಂಬ ಬಾಗಿಲಿದೆ. ಆ ಬಾಗಿಲು ತೆರೆದರೆ ಪಾಸ್‌ವರ್ಡ್ ಹಾಕಿಯೇ ತೆರೆಯಿರಿ. ನನಗೆ ಮಾತ್ರ ಕೈಗೆ ತಗಲುವ ಕೀಲಿಯೇ ವಾಸಿ. ಫೋನಿನ ಗಾಜಿನ ಮೇಲೆ ಮಣ್ಣಿನ ಬೆರಳು ನಡೆಯುವುದಿಲ್ಲ.

ಚಿತ್ರ 1500 ಕಿಲೋಬಿಟ್, ಧ್ವನಿ 128 ಕಿಲೋಬಿಟ್ ಎಂದು ಇಟ್ಟರೆ ಒಂದು ತಾಸಿಗೆ ಸುಮಾರು 730 ಎಂಬಿ ಡೇಟಾ ಹೋಗುತ್ತದೆ. ದಿನಕ್ಕೆ 1.5 ಜಿಬಿ ಇರುವ ಸಿಮ್‌ನಲ್ಲಿ ಎರಡು ತಾಸು ನಡೆಯುತ್ತದೆ. ಫೋನಿನಿಂದಲೇ ನೇರ ಯೂಟ್ಯೂಬ್ ಲೈವ್ ಮಾಡಲು ಚಾನೆಲ್‌ಗೆ ಇಷ್ಟು ಚಂದಾದಾರರು ಇರಬೇಕೆಂಬ ಕಟ್ಟಳೆ ಇದೆ, ಓಬಿಎಸ್‌ನಿಂದ ಮಾಡಲು ಅದಿಲ್ಲ. ಆದರೆ ಮೊದಲ ಸಲ ಲೈವ್ ಅನುಮತಿ ಕೇಳಿದಾಗ 24 ತಾಸು ಕಾಯಬೇಕಾಗಬಹುದು. ಹಿಂದಿನ ದಿನವೇ ಕೇಳಿಡಿ. ಯೂಟ್ಯೂಬ್ ಕೊಡುವ ಸ್ಟ್ರೀಮ್ ಕೀ ಎಂಬ ಗುಟ್ಟಿನ ಅಕ್ಷರಗಳನ್ನು ಯಾರಿಗೂ ತೋರಿಸಬೇಡಿ. ಅದು ಸಿಕ್ಕವರು ನಿಮ್ಮ ಚಾನೆಲ್‌ನಲ್ಲಿ ತಮ್ಮದನ್ನು ಬಿಡಬಹುದು.

ಬಟನ್ ಯಾರ ಕೈಯಲ್ಲಿ

ನಾಲ್ಕು ತಿಂಗಳ ಮೇಲೆ ಜೋಳದ ಹೊಲದಲ್ಲಿ ಕೂಟ ಇತ್ತು. ಅಣ್ಣ ದೂರದಲ್ಲಿ ಬದುವಿನ ಬೇವಿನ ಮರದ ಕೆಳಗೆ ನಿಂತಿದ್ದರು. ನಾನು ಹೋಗಿ ಕರೆದೆ. ಕೆಂಪು ಬಟನ್ ಬರೆದ ಸಂಗತಿ ಹೇಳಿದೆ, ಎಣಿಕೆ ಮಾಡಿ ಕೇಳಿಸಿದೆ. ಹತ್ತರಿಂದ ಮೂವತ್ತರವರೆಗೆ ಸುಮ್ಮನೆ ಕೇಳಿದರು. ಆಮೇಲೆ ಅಂದರು, "ಬಟನ್ ಛಲೋ ಐತಿ. ಆದ್ರ ಅದು ನಿನ್ನ ಕೈಯಾಗ ಐತಿ. ಮಾತು ನಂದು. ನನ್ನ ಕೈಯಾಗ ಕೊಡು, ಆಮ್ಯಾಲೆ ಮಾತಾಡ್ತೀನಿ."

ಎರಡು ತಿಂಗಳು ಚೀಟಿ ತಿದ್ದಿದ ನನಗೆ ಇದು ಹೊಳೆದಿರಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಇದೇ ಪದ್ಧತಿ. ಉದ್ದದ ವೈರು ತಂದದ್ದು ಅದಕ್ಕೇ. ಯಾರು ಮಾತಾಡುತ್ತಾರೋ ನಂಬರ್ ಪ್ಯಾಡ್ ಅವರ ತೊಡೆಯ ಮೇಲೆ ಇರುತ್ತದೆ. ಬೇಡ ಅನ್ನಿಸಿದಾಗ ಅವರೇ ಕೆಂಪು ಒತ್ತುತ್ತಾರೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಹಸಿರನ್ನೂ ಅವರೇ ಒತ್ತಬೇಕು, ನಾನು ಒತ್ತುವುದಿಲ್ಲ. ಮೊದಲು ಹೆಣ್ಣುಮಕ್ಕಳು ಕೂಟಕ್ಕೆ ಬಂದರೂ ಕ್ಯಾಮೆರಾ ಕಂಡರೆ ಸುಮ್ಮನಾಗುತ್ತಿದ್ದರು. ಬಟನ್ ಕೈಗೆ ಬಂದ ಮೇಲೆ ಮಾತಾಡುತ್ತಿದ್ದಾರೆ. ಕಳೆ, ಕೂಲಿ, ಬೀಜ ಇಡುವ ಬಗೆ, ಎಲ್ಲ ಅವರಿಂದಲೇ ಹೆಚ್ಚು ಬರುತ್ತಿದೆ.

ಲೈವ್ ಶುರು ಮಾಡಬೇಕೆಂದಿರುವ ಕೃಷಿಕ ಬಂಧುಗಳಿಗೆ ನನ್ನ ಮಾತು ಇಷ್ಟೇ. ಚಂದ ಕಾಣುವ ಸೀನು, ಹಾಡು, ಹೆಸರಿನ ಪಟ್ಟಿ ಎಲ್ಲ ಆಮೇಲೆ ಮಾಡಿ. ಮೊದಲ ಚೀಟಿ ಬಾಯಿ ಮುಚ್ಚುವುದಿರಲಿ. ಅದನ್ನು ಕನ್ನಡದಲ್ಲಿ ಬರೆದು, ಇಂಗ್ಲಿಷಿಗೆ ಇಳಿಸಿ, ಎಣಿಸಿ ಪರೀಕ್ಷೆ ಮಾಡಿ, ಮಾತಾಡುವವರ ಕೈಗೆ ಕೊಡಿ. ಅಣ್ಣನ ಮಗಳ ಮದುವೆ ಈ ವೈಶಾಖದಲ್ಲಿ ಆಯಿತು, ಅದೇ ಬೀಗರ ಮನೆಗೆ. ಲೈವ್ ಮಾಡು ಎಂದು ಹುಡುಗರು ಗಂಟು ಬಿದ್ದರು. ಅಣ್ಣ ನನ್ನ ಮುಖ ನೋಡಿದರು. ನಾನು ನಂಬರ್ ಪ್ಯಾಡನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.